ಹಳದಿ ರಿಬ್ಬನ್ನಿನ ಮಗು

"ಮಾತಾಡಬೇಡಿ ಅಂತ ಬೋರ್ಡು ಹಾಕೋಕೆ ಬೀದಿಗೆಲ್ಲ ಕೇಳೋ ಹಾಗೆ ಕುಟ್ತಿದ್ದೀಯಲ್ಲಪ್ಪ!" ಹಿರಿಯ ನರ್ಸು ಬಡಗಿಯನ್ನು ಗದರಿದಳು.

ಬಡಗಿ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಮೊಳೆಯನ್ನು ತೆಗೆಯದೆಯೇ ಏನೋ ಅಂದು ನಕ್ಕ. ಮತ್ತೆರಡು ಏಟು ಹಾಕಿದ. ಗಾಜಿನ ಗೋಡೆಯ ಆಚೆ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳು ಅಂಗೈಯಗಲದ ಎದೆಯನ್ನು ಏರಿಸುತ್ತ ಇಳಿಸುತ್ತ ಮಲಗಿದ್ದವು. ಒಂದೂ ಎಚ್ಚರಗೊಳ್ಳಲಿಲ್ಲ.

ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ ಲೆಕ್ಕದ ಮೇಡಂ ತಲೆಯೆತ್ತಿ ಬೋರ್ಡನ್ನು ಓದಿದಳು. 'ಮಗುವನ್ನು ಎದೆಗೆ ಹಾಕಿಕೊಂಡಿರುವಾಗ ಮಾತಾಡಬೇಡಿ, ಹಾಡಬೇಡಿ.' ಬಿಳಿ ಹಲಗೆ, ನೀಲಿ ಅಕ್ಷರ. ಹೋದ ವಾರ ತಾನು ಕೊಟ್ಟ ವರದಿಯ ಕೊನೆಯ ವಾಕ್ಯ ಇಷ್ಟು ಬೇಗ ಗೋಡೆಗೆ ಏರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಅವಳ ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಡಾಕ್ಟರುಗಳು ಮಾಡುವ ಸಂಶೋಧನೆಯ ಅಂಕಿಗಳೆಲ್ಲ ಅವಳ ಮೇಜಿಗೆ ಬಂದು, ಅರ್ಥ ಹೊತ್ತುಕೊಂಡು ಮೇಲೆ ಹೋಗುತ್ತಿದ್ದವು. ಅವಳು ಮೇಲೆ ಬರುವುದು ಅಪರೂಪ. ಲೆಕ್ಕದ ಮೇಡಂ ಎಂದು ಕೇಳಿದವರು ಬಿಲ್ಲಿನ ಕೌಂಟರಿನವಳೇ ಇರಬೇಕೆಂದು ಅವಳ ಬಳಿ ರಸೀದಿ ಕೇಳಿದ್ದೂ ಉಂಟು. ಇವತ್ತು ಬಂದದ್ದು ವಾರ್ಡಿಗೆ ವರದಿಯ ಒಂದು ಪ್ರತಿ ಕೊಟ್ಟು ಹೋಗೋಣವೆಂದು.

"ಎಲ್ಲ ನಿಮ್ಮ ಕೃಪೆ ಮೇಡಂ," ನರ್ಸು ಬೋರ್ಡಿನತ್ತ ಗದ್ದ ತೋರಿಸಿದಳು. "ಇಷ್ಟು ವರ್ಷ ಗಂಟಲು ಹರ್ಕೊಂಡ್ರೂ ಸುಮ್ಮನಿರದ ಜನ, ಇವತ್ತು ನೋಡಿ, ಬಾಯಿಗೆ ಬೀಗ. ನಮ್ಮ ರೇಡಿಯೋ ಕೂಡ ಆಫ್ ಆಗಿದೆ."

ರೇಡಿಯೋ ಎಂದರೆ ಕಿಟಕಿಯ ಪಕ್ಕದ ತಾಯಿ. ಬಟ್ಟೆ ಹೊಲಿಯುವವಳು. ಬೆಳಿಗ್ಗೆ ಹಚ್ಚಿದರೆ ರಾತ್ರಿಯವರೆಗೂ ನಿಲ್ಲದವಳೆಂದು ನರ್ಸುಗಳು ನಗುತ್ತಿದ್ದರು. ಎರಡು ಅಂಗೈಗಳಲ್ಲಿ ಹಿಡಿಯುವಷ್ಟಿದ್ದ ಮಗನಿಗೆ ಅವಳು ಗುಂಡ ಎಂದು ಹೆಸರಿಟ್ಟಿದ್ದಳು. ಗಿರಾಕಿಗಳ ಅಳತೆ, ಅತ್ತೆಯ ಮಂಡಿನೋವು, ಎದುರುಮನೆಯ ನಾಯಿ, ಎಲ್ಲವನ್ನೂ ಅವನಿಗೆ ಒಪ್ಪಿಸುತ್ತಿದ್ದಳು. ಈಗ ಅವನನ್ನು ಎದೆಯ ಮೇಲೆ ಕವುಚಿ ಮಲಗಿಸಿಕೊಂಡು, ಗೋಡೆ ನೋಡುತ್ತ ಕೂತಿದ್ದಳು. ತುಟಿಗಳು ಮಾತ್ರ ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ಲೆಕ್ಕದ ಮೇಡಂ ಹತ್ತಿರ ಬಂದದ್ದು ಕಂಡು ಅವೂ ನಿಂತವು.

"ನಾನೇನೂ ಮಾತಾಡ್ಲಿಲ್ಲ ಮೇಡಂ," ಅವಳು ಪಿಸುಗುಟ್ಟಿದಳು. "ಬರೀ ತುಟಿ ಆಡಿಸಿದೆ. ಅದಕ್ಕೂ ತೂಕ ಕಮ್ಮಿ ಆಗತ್ತಾ?"

"ಇಲ್ಲಮ್ಮ."

"ಲೆಕ್ಕ ಮಾಡಿದ್ದು ನೀವೇ ಅಂತಲ್ಲ, ಅದಕ್ಕೆ ಕೇಳ್ತಿದೀನಿ." ಅವಳು ಮಗುವಿನ ಟೋಪಿಯ ಅಂಚು ಸರಿಮಾಡಿದಳು. "ಹೊಟ್ಟೇಲಿದ್ದಾಗ್ಲೂ ನಾನು ಹಿಂಗೇನೇ. ಮಿಷನ್ ತುಳೀತಾ ಇಡೀ ದಿನ ಇವನ ಹತ್ರ ಮಾತು. ಅದಕ್ಕೇ ಇಷ್ಟು ಬೇಗ ಬಂದುಬಿಟ್ನಾ, ತಡೀಲಾರದೆ?"

ಲೆಕ್ಕದ ಮೇಡಂ ವರದಿಯ ಪ್ರತಿಯನ್ನು ಬೆನ್ನ ಹಿಂದೆ ಸರಿಸಿದಳು. "ಹಾಗೆಲ್ಲ ಇಲ್ಲ" ಎಂದಳು. ಆ ಮಾತಿಗೆ ತನ್ನ ಬಳಿ ಯಾವ ಅಂಕಿಯೂ ಇಲ್ಲವೆಂದು ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಮಗುವಿನ ತೊಟ್ಟಿಲಿಗೆ ಹಳದಿ ರಿಬ್ಬನ್ ಕಟ್ಟಿತ್ತು.

ಆ ರಿಬ್ಬನ್ನುಗಳು ಅವಳದೇ ಯೋಜನೆ. ಮಧ್ಯಾಹ್ನದ ಒಂದು ಗಂಟೆ ತಾಯಿ ಮಗುವಿನ ಜೊತೆ ಹೇಗಿದ್ದರೆ ತೂಕ ಚೆನ್ನಾಗಿ ಏರುತ್ತದೆ ಎಂಬುದು ದೊಡ್ಡ ಡಾಕ್ಟರ ಪ್ರಶ್ನೆ. ಎದೆಗಪ್ಪಿ ಮಾತಾಡುವವರಿಗೆ ಹಳದಿ. ಅಪ್ಪಿಕೊಂಡು ಸುಮ್ಮನಿರುವವರಿಗೆ ಕೆಂಪು. ಮುಟ್ಟದೆ, ತೊಟ್ಟಿಲ ಪಕ್ಕ ಕೂತು ಮಾತು ಮಾತ್ರ ಆಡುವವರಿಗೆ ನೀಲಿ. ಎರಡೂ ಇಲ್ಲದವರಿಗೆ ಹಸಿರು. ಅಪ್ಪುಗೆ ಒಳ್ಳೆಯದೇ? ಮಾತು ಒಳ್ಳೆಯದೇ? ಎಂದು ಬೇರೆ ಬೇರೆಯಾಗಿ ಕೇಳುವುದು ಸುಲಭ. ಡಾಕ್ಟರಿಗೆ ಬೇಕಿದ್ದದ್ದು ಅದಲ್ಲ. ಅಪ್ಪುಗೆ ಇದ್ದಾಗ ಮಾತಿನ ಬೆಲೆ ಬದಲಾಗುತ್ತದೆಯೇ? ಅದಕ್ಕೆ ಅಪ್ಪಿಕೊಂಡವರಲ್ಲಿ ಮಾತು ತಂದ ವ್ಯತ್ಯಾಸವನ್ನು ಒಂದು ಕಡೆ, ಅಪ್ಪದವರಲ್ಲಿ ಮಾತು ತಂದ ವ್ಯತ್ಯಾಸವನ್ನು ಇನ್ನೊಂದು ಕಡೆ ಇಟ್ಟು, ಒಂದರಿಂದ ಇನ್ನೊಂದನ್ನು ಕಳೆಯಬೇಕು. ಹಾಗೆ ಕಳೆಯಲು ನಾಲ್ಕು ಗುಂಪುಗಳಿಗೆ ನಾಲ್ಕು ತೂಕದ ಬಟ್ಟು ಕೊಡಬೇಕು: ಹಳದಿಗೆ ಪ್ಲಸ್ ಒಂದು, ಕೆಂಪಿಗೆ ಮೈನಸ್ ಒಂದು, ನೀಲಿಗೆ ಮೈನಸ್ ಒಂದು, ಹಸಿರಿಗೆ ಪ್ಲಸ್ ಒಂದು. ಕೂಡಿದರೆ ಸೊನ್ನೆ. ಗುಂಪುಗಳನ್ನು ಹೀಗೆ ಹೋಲಿಸುವುದಕ್ಕೆ ಕಾಂಟ್ರಾಸ್ಟ್ ಅನ್ನುತ್ತಾರೆ. ಅವಳು ಈ ಕೆಲಸವನ್ನು ಅಕ್ಕಿ ಆರಿಸುವಷ್ಟು ಸಹಜವಾಗಿ ಮಾಡುತ್ತಿದ್ದಳು.

ಉತ್ತರ ಬಂದಿತ್ತು: ಮೈನಸ್ ಎಂಟು. ಅಪ್ಪಿಕೊಂಡಿರುವಾಗ ಮಾತಾಡಿದರೆ ದಿನಕ್ಕೆ ಎಂಟು ಗ್ರಾಂ ನಷ್ಟ. ಮೌನವಾಗಿ ಅಪ್ಪಿಕೊಂಡರೆ ಮಗುವಿಗೆ ಹಿತ.

ಆ ಮೈನಸ್ ಅವಳಿಗೆ ಆಶ್ಚರ್ಯ ತರಲಿಲ್ಲ. ಅದೇ ದಿನ ಗಂಡ ಬರುವವನಿದ್ದ. ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡುವ ಅವನು ವರ್ಷದ ಬಹುಪಾಲು ನೀರಿನ ಮೇಲೆ. ಅಲ್ಲಿಂದ ಸಿಗ್ನಲ್ ಸಿಕ್ಕಾಗಲೆಲ್ಲ ಫೋನಿಗೆ ಧ್ವನಿ ಕಳಿಸುತ್ತಿದ್ದ. ಎಷ್ಟು ಮಾತು! ಅಡುಗೆಯವನ ಜಗಳ, ಕಡಲಿನ ಬಣ್ಣ, ತಾನು ಕಂಡ ಕನಸು. ಅವಳು ಊಟದ ತಟ್ಟೆಯ ಎದುರಿಗೆ ಫೋನನ್ನು ಲೋಟಕ್ಕೆ ಒರಗಿಸಿಟ್ಟು ಕೇಳುತ್ತಿದ್ದಳು. ಮನೆಗೆ ಬಂದರೆ ಮಾತ್ರ ಅದೇ ಮನುಷ್ಯ ಮೂಕ. ಪಕ್ಕದಲ್ಲೇ ಕೂರುತ್ತಿದ್ದ, ಅವಳ ಹೆಗಲಿಗೆ ಹೆಗಲು ತಾಗಿಸಿ. ಒಂದು ಮಾತಿಲ್ಲ. ಮದುವೆಯಾದ ಹೊಸದರಲ್ಲಿ ಕೇಳಿದ್ದಳು, "ಯಾಕ್ರೀ, ಅಲ್ಲಿಂದ ಅಷ್ಟು ಮಾತಾಡ್ತೀರಿ, ಇಲ್ಲಿ ಏನಾಗತ್ತೆ?" "ಎದುರಿಗೇ ಇದ್ದೀನಲ್ಲೇ, ಇನ್ನೇನು ಹೇಳೋದು" ಎಂದಿದ್ದ. ಆಮೇಲೆ ಕೇಳುವುದನ್ನು ಬಿಟ್ಟಳು. ಸುಮ್ಮನಿರುವುದೂ ಒಂದು ಪ್ರೀತಿಯೇ ಎಂದುಕೊಂಡು ಎಷ್ಟೋ ವರ್ಷ ಕಳೆದಿದ್ದಳು. ಕಂಪ್ಯೂಟರ್ ಕೂಡ ಈಗ ಅದನ್ನೇ ಹೇಳಿದಾಗ, ಯಾರೋ ತನ್ನ ಪರವಾಗಿ ಸಾಕ್ಷಿ ನುಡಿದಂತೆನಿಸಿತ್ತು.

ನೆಲಮಾಳಿಗೆಗೆ ಇಳಿಯುವಾಗ ರೇಡಿಯೋ ಕೇಳಿದ ಪ್ರಶ್ನೆ ಅವಳ ಹಿಂದೆಯೇ ಬಂತು. ತಡೀಲಾರದೆ ಬಂದುಬಿಟ್ನಾ? ಕುರ್ಚಿಯಲ್ಲಿ ಕೂತಮೇಲೆ ನೆನಪಾಯಿತು: ಈ ಸಲ ತಾನು ಯಾವ ಮಗುವಿನ ಹಿಂದೆಯೂ ನಡೆದಿಲ್ಲ.

ಅದು ಅವಳ ರೂಢಿ, ಯಾರೂ ಕಲಿಸಿದ್ದಲ್ಲ. ಯಾವುದೇ ಲೆಕ್ಕವಾದರೂ ಸಹಿ ಹಾಕುವ ಮೊದಲು ಒಬ್ಬ ರೋಗಿಯನ್ನು ಆರಿಸಿ, ಬೆರಳು ಹಿಡಿದುಕೊಂಡಂತೆ, ಮೊದಲ ಅಂಕಿಯಿಂದ ಕೊನೆಯ ಉತ್ತರದವರೆಗೂ ಪೆನ್ಸಿಲಿನಲ್ಲಿ ಅವರ ಜೊತೆ ಹೋಗುವುದು. ಅಂದು ಮಾತ್ರ ಗಂಡನ ಬಸ್ಸು ಬರುವ ಹೊತ್ತಾಗಿತ್ತು. ಎದ್ದು ಹೋಗಿದ್ದಳು.

ಈಗ ಗುಂಡನನ್ನು ಆರಿಸಿದಳು. ಕಿಟಕಿ ಪಕ್ಕದ ತೊಟ್ಟಿಲು, ಹಳದಿ ರಿಬ್ಬನ್. ದಿನದ ಏರಿಕೆ ಬರೆದುಕೊಂಡಳು. ಪುಟ್ಟವ ಚೆನ್ನಾಗಿಯೇ ಏರಿದ್ದ. ಹಳದಿ, ಅಂದರೆ ಪ್ಲಸ್. ಕಂಪ್ಯೂಟರಿನಲ್ಲಿ ಅವನ ಎದುರಿಗಿದ್ದ ಚಿಹ್ನೆ ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು. ಮೈನಸ್.

ಕಾರಣ ಹುಡುಕಲು ಹೊತ್ತು ಹಿಡಿಯಲಿಲ್ಲ. ಅವಳ ತಲೆಯಲ್ಲಿದ್ದ ಸಾಲು ಹಳದಿ, ಕೆಂಪು, ನೀಲಿ, ಹಸಿರು. ಕಂಪ್ಯೂಟರ್ ಮಾತ್ರ ಹಾಳೆಯಲ್ಲಿ ಯಾವ ಬಣ್ಣ ಮೊದಲು ಕಂಡಿತೋ ಆ ಸಾಲಿನಲ್ಲಿ ಗುಂಪುಗಳನ್ನು ನಿಲ್ಲಿಸಿತ್ತು. ವಾರ್ಡಿನಲ್ಲಿ ಹಾಸಿಗೆಯ ಕ್ರಮಕ್ಕೆ ಹಾಳೆ ಜೋಡಿಸಿದ್ದರು. ಮೊದಲ ಹಾಸಿಗೆ ಕೆಂಪು, ಎರಡನೆಯದು ಹಳದಿ, ಆಮೇಲೆ ಹಸಿರು, ಕೊನೆಗೆ ನೀಲಿ. ಹಳದಿಯ ಬಟ್ಟು ಕೆಂಪಿಗೆ ಹೋಗಿತ್ತು, ಕೆಂಪಿನದು ಹಳದಿಗೆ. ನೀಲಿ ಹಸಿರೂ ಹಾಗೆಯೇ ಅದಲುಬದಲು. ವರದಿಗೆ ಹಾಕಿದ ಗ್ರಾಫ್ ಚಿತ್ರದ ಕೆಳಗಿನ ಗುಂಪುಗಳ ಹೆಸರುಗಳನ್ನು ತಾನೇ ತನ್ನ ಸಾಲಿನಲ್ಲಿ ಟೈಪ್ ಮಾಡಿದ್ದಳು. ಹಾಗಾಗಿ ಚಿತ್ರವೂ ಅಂಕಿಯೂ ಸೇರಿ ಒಂದೇ ಬಾಯಲ್ಲಿ ಸುಳ್ಳು ಹೇಳಿದ್ದವು.

ಸಾಲು ಸರಿಮಾಡಿ ಮತ್ತೆ ಲೆಕ್ಕ ಹಾಕಿಸಿದಳು. ಎಂಟು ಎಂಟಾಗಿಯೇ ಉಳಿಯಿತು. ಚಿಹ್ನೆ ತಿರುಗಿತು. ಮುಟ್ಟದೆ ಆಡಿದ ಮಾತಿನಿಂದ ಏನೂ ಆಗಿರಲಿಲ್ಲ. ಮಾತಿಲ್ಲದ ಅಪ್ಪುಗೆಯಿಂದ ಕೊಂಚ ಆಗಿತ್ತು. ಎರಡೂ ಸೇರಿದ ಮಕ್ಕಳು ಎಲ್ಲರಿಗಿಂತ ಮೇಲೆ, ಬೇರೆಯೇ ಒಂದು ಎತ್ತರದಲ್ಲಿದ್ದರು.

ಅವಳು ಹೊಸ ಉತ್ತರದ ಹಾಳೆಯನ್ನು ಪ್ರಿಂಟ್ ತೆಗೆದುಕೊಂಡು ಎದ್ದಳು. ಮೇಲಿನ ಪೈಪಿನಲ್ಲಿ ಯಾರೋ ಬಿಟ್ಟ ನೀರು ಹರಿದುಹೋಯಿತು.

ದೊಡ್ಡ ಡಾಕ್ಟರು ಊಟದ ಡಬ್ಬಿ ತೆರೆದು ಕೂತಿದ್ದರು. ಅವಳು ನಿಂತೇ ಹೇಳಿದಳು.

"ಅಂದ್ರೆ ಉತ್ತರ ತಪ್ಪು?"

"ಎಂಟು ಸರಿ ಸರ್. ಮೈನಸ್ ಅಲ್ಲ, ಪ್ಲಸ್."

"ನಿನ್ನೆ ಮೀಟಿಂಗಲ್ಲಿ ಎಲ್ಲರ ಮುಂದೆ ಎದೆ ಉಬ್ಬಿಸ್ಕೊಂಡು ಮೌನದ ಮಹಿಮೆ ಹೇಳಿ ಬಂದೆನಲ್ಲ ಮಾರಾಯ್ತಿ!" ಅವರು ಚಮಚ ಕೆಳಗಿಟ್ಟರು. ಮುಖ ಕೆಂಪಾಗಿತ್ತು. "ಈಗ ಒಬ್ಬೊಬ್ಬರಿಗೂ ಫೋನ್ ಮಾಡಿ ಏನಂತ ಹೇಳ್ಲಿ?"

"ತಪ್ಪು ನನ್ನದು ಅಂತ ಹೇಳಿ ಸರ್. ಬರೆದೂ ಕೊಡ್ತೀನಿ. ಆದ್ರೆ ಬೋರ್ಡು ಇವತ್ತೇ ತೆಗೆಸಬೇಕು."

ಡಾಕ್ಟರು ಅವಳನ್ನು ನೋಡಿದರು. "ಇಷ್ಟು ವರ್ಷದಲ್ಲಿ ನಿಮ್ಮಿಂದ ಇಂಥದ್ದು ಆಗಿರ್ಲಿಲ್ಲ. ಏನಾಯ್ತು?"

"ಅವತ್ತು ಸ್ವಲ್ಪ ಅವಸರ ಇತ್ತು. ಮನೆಯವರು ಬರೋರಿದ್ರು."

"ಓ." ಸಿಟ್ಟು ಅರ್ಧಕ್ಕೆ ನಿಂತಿತು. "ಬಂದ್ರಾ?"

ಅವಳು ಕೈಯಲ್ಲಿದ್ದ ಹಾಳೆಯನ್ನು ಮಡಿಸುತ್ತ, "ಬಂದ್ರು" ಎಂದಳು.

ಬಡಗಿ ಇನ್ನೂ ಹೋಗಿರಲಿಲ್ಲ. "ಹಾಕು ಅಂತೀರಿ, ತೆಗಿ ಅಂತೀರಿ" ಎನ್ನುತ್ತ ಇಕ್ಕಳದಲ್ಲಿ ಮೊಳೆ ಕಿತ್ತ. ನರ್ಸು ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು, "ಮುಗೀತು, ಇನ್ನು ಈ ವಾರ್ಡು ಸಂತೆ" ಎಂದಳು. ಸಿಟ್ಟಿನ ದನಿಯಾಗಿರಲಿಲ್ಲ.

ಲೆಕ್ಕದ ಮೇಡಂ ಕಿಟಕಿಯ ಬಳಿ ಹೋಗಿ ಬಗ್ಗಿದಳು. "ನಾನು ತಪ್ಪು ಲೆಕ್ಕ ಮಾಡಿದ್ದೆ ಕಣಮ್ಮ. ನಿನ್ನ ಮಾತಿಂದ ಇವನಿಗೆ ಒಳ್ಳೇದೇ ಆಗಿದೆ. ಎತ್ಕೊಂಡು ಮಾತಾಡು."

"ನಿಜವಾಗ್ಲೂ?"

"ಇವನ ಲೆಕ್ಕಾನೇ ಕೈಯಲ್ಲಿ ಮಾಡಿ ನೋಡಿದೆ. ಹೊಟ್ಟೇಲಿದ್ದಾಗಿನ ಮಾತಿನ ಬಗ್ಗೆ ನನಗೆ ಗೊತ್ತಿಲ್ಲ. ಡಾಕ್ಟರನ್ನ ಕೇಳು, ಅವರು ಹೇಳ್ತಾರೆ. ಆದ್ರೆ ಇಲ್ಲಿಗೆ ಬಂದಮೇಲೆ ತೂಕ ಏರಿರೋದು ನಿನ್ನ ಎದೆ ಮೇಲೆ, ನಿನ್ನ ಮಾತು ಕೇಳ್ಕೊಂಡು."

ರೇಡಿಯೋ ಮಗುವಿನ ನೆತ್ತಿಗೆ ಬಾಯಿ ತಂದಳು. ತೆರೆದಳು, ಮುಚ್ಚಿದಳು. "ಅಯ್ಯೋ, ಮಾತಾಡು ಅಂದ ತಕ್ಷಣ ಏನೂ ಬರ್ತಾನೇ ಇಲ್ಲ ನೋಡಿ," ಎನ್ನುತ್ತ ಕಣ್ಣೊರೆಸಿಕೊಂಡಳು. ಆಮೇಲೆ, "ಗುಂಡಾ, ಈ ಮೇಡಂ ರವಿಕೆ ತೋಳು ನೋಡೋ. ಯಾವ ಪುಣ್ಯಾತ್ಮ ಹೊಲಿದನೋ, ಒಂದು ಮೇಲೆ ಒಂದು ಕೆಳಗೆ" ಎಂದಳು. ಪಕ್ಕದ ತಾಯಿ ಕಿಸಕ್ಕೆಂದು ನಕ್ಕಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಗಂಡ ಹಜಾರದ ನೆಲದ ಮೇಲೆ ಪತ್ರಿಕೆ ಹಾಸಿ ಟೇಬಲ್ ಫ್ಯಾನನ್ನು ಬಿಚ್ಚಿ ಹರಡಿಕೊಂಡಿದ್ದ. ಬಂದ ಮಾರನೆಯ ದಿನದಿಂದ ಅವನು ನಲ್ಲಿ, ಮಿಕ್ಸಿ, ಬಾಗಿಲ ಚಿಲಕ ಎಲ್ಲ ರಿಪೇರಿ ಮಾಡಿ ಮುಗಿಸಿದ್ದ. ಫ್ಯಾನಿಗೆ ಏನೂ ಆಗಿರಲಿಲ್ಲ. ತಲೆಯೆತ್ತಿ ಅವಳನ್ನು ನೋಡಿ, ಕೂರಲು ಜಾಗವಾಗುವಂತೆ ಸ್ಕ್ರೂಗಳ ಬಟ್ಟಲನ್ನು ಸರಿಸಿದ.

ಅವಳು ಬ್ಯಾಗನ್ನೂ ಇಳಿಸದೆ ಅವನ ಪಕ್ಕ, ಗೋಡೆಗೊರಗಿ ಕೂತಳು. ಹೆಗಲಿಗೆ ಹೆಗಲು ತಾಗಿತು. ಒಂದಷ್ಟು ಹೊತ್ತು ಸ್ಕ್ರೂಡ್ರೈವರಿನ ಸದ್ದು. ಅವಳು ಬ್ಯಾಗಿನಿಂದ ಫೋನ್ ತೆಗೆದು, ಅವನು ಹಡಗಿನಿಂದ ಕಳಿಸಿದ್ದ ಹಳೆಯ ಧ್ವನಿಯೊಂದನ್ನು ಹುಡುಕಿ, ಒತ್ತಿ, ಇಬ್ಬರ ಮಂಡಿಗಳ ನಡುವೆ ಇಟ್ಟಳು.

"ಲೇ, ಕೇಳಿಸ್ತಿದ್ಯಾ?" ಫೋನಿನೊಳಗಿಂದ ಅವನ ದನಿ, ಹಿಂದೆ ಗಾಳಿ. "ಇವತ್ತು ಒಂದು ಹಕ್ಕಿ ಬಂದು ಡೆಕ್ಕಿನ ಕಂಬಿ ಮೇಲೆ ಕೂತಿದೆ. ಇಷ್ಟೇ ಇಷ್ಟಿದೆ. ಸುತ್ತ ಎಲ್ಲೂ ದಡ ಇಲ್ಲ, ಎಲ್ಲಿಂದ ಬಂತೋ. ಅನ್ನ ಹಾಕಿದ್ರೆ ತಿನ್ನಲ್ಲ, ನನ್ನೇ ನೋಡ್ತಾ ಕೂತಿದೆ. ನೀನಿದ್ದಿದ್ರೆ..." ಗಾಳಿ ಜೋರಾಯಿತು. ಮಾತು ಅಲ್ಲಿಗೆ ಮುಗಿದಿತ್ತು.

ಅವನ ಕೈ ನಿಂತಿತು. ತನ್ನದೇ ದನಿಯನ್ನು ಅವನು ಈ ಮನೆಯಲ್ಲಿ ಎಂದೂ ಕೇಳಿರಲಿಲ್ಲವೇನೋ. ಕಿವಿಯ ಹಿಂಭಾಗ ಕೆಂಪಾಯಿತು. ಅವಳು ತಿರುಗಿ ನೋಡಲಿಲ್ಲ. ಬಿಚ್ಚಿಟ್ಟ ಫ್ಯಾನಿನ ರೆಕ್ಕೆಗಳನ್ನು ನೋಡುತ್ತಿದ್ದಳು.

ಫೋನಿನ ಬೆಳಕು ಮಂಕಾಗಿ ಆರಿತು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು.

"ಅದು," ಎಂದ ಅವನು. ಸ್ಕ್ರೂಡ್ರೈವರನ್ನು ಪತ್ರಿಕೆಯ ಮೇಲಿಟ್ಟ. "ಆ ಹಕ್ಕಿ. ಮಾರನೇ ದಿನಾನೂ ಅಲ್ಲೇ ಇತ್ತು."

ಅವನ ಹೆಗಲಿನ ಮೂಲಕ ಆ ಮಾತು ಅವಳ ಹೆಗಲಿಗೆ ಸಣ್ಣಗೆ ನಡುಗಿ ಬಂತು. ಅವಳು ಅಲುಗದೆ ಕೂತಳು.