ಹಗಲಿಗೆ ಲೈಟಿಲ್ಲ

ಪಕ್ಕದವರು ಗೋಡೆ ಎಬ್ಬಿಸಿ ನಮ್ಮ ಅಡುಗೆಮನೆಯ ಕಿಟಕಿ ಮುಚ್ಚಿದ ಮೇಲೆ ನಾನು ಅಕ್ಕಿ ಆರಿಸುವುದು ಹೊರಗಿನ ಕಟ್ಟೆಯ ಮೇಲೆ ಕೂತು. ನನ್ನ ಹಿರಿಮಗಳು ಸುಲ್ತಾನಾ ಅದನ್ನು ನೋಡುತ್ತಲೇ ಬೆಳೆದವಳು.

ಸಿಂಧನೂರಿನ ಈ ಮನೆಯಲ್ಲೇ ಕೂತು ಅವಳು ಕಂಪ್ಯೂಟರಿನಲ್ಲಿ ಕಟ್ಟಡಗಳ ಮಾದರಿ ಮಾಡುತ್ತಿದ್ದಳು. ಯಾವ ಕೋಣೆಗೆ ಎಷ್ಟು ಬೆಳಕು ಬೀಳುತ್ತದೆ, ಕಿಟಕಿಯಿಂದ ಏನು ಕಾಣುತ್ತದೆ ಎಂಬ ಲೆಕ್ಕ. ಸರಿಬಂದರೆ ಕಟ್ಟಡಕ್ಕೆ ಕರೆಂಟ್ ಉಳಿಸುವುದೆಂಬ ಹಸಿರು ಸರ್ಟಿಫಿಕೇಟ್. ಆ ಸಲ ಬಂದದ್ದು ಲಿಂಗಸುಗೂರಿನ ಹುಡುಗಿಯರ ಹಾಸ್ಟೆಲ್. ಕಿರಿಯವಳು ಶಾಹೀಸ್ತಾ ಓದಲು ಹೋಗಿ ಇರಬೇಕಾದದ್ದೂ ಅಲ್ಲೇ. ಎರಡು ಹಂತದ ಕೆಲಸ: ಈಗ ಒಂದು ಕಟ್ಟಡ, ಬರುವ ವರ್ಷ ಅದಕ್ಕೆ ಒತ್ತಿಕೊಂಡು ಇನ್ನೊಂದು. ಮುಂದೆ ಏಳುವುದನ್ನೂ ಈಗಲೇ ನಿಂತಿದೆ ಎಂದು ತೋರಿಸಬೇಕೆಂಬುದು ನಿಯಮ. ಸುಲ್ತಾನಾ ತೋರಿಸಿದಳು. ಪರದೆಯ ಮೇಲೆ ಬೆಳಕಿನ ಹಳದಿಯಾಗಿದ್ದ ಕೋಣೆಗಳೆಲ್ಲ ಕತ್ತಲೆಯ ಕಡುನೀಲಿಯಾದವು.

ನಾನು ರೊಟ್ಟಿ ಬಡಿಯುತ್ತಿದ್ದಾಗ ಅವಳಿಗೆ ಕೆಲಸ ಕೊಡುತ್ತಿದ್ದ ಇಂಜಿನಿಯರ್ ದುರುಗೇಶ ಬಂದರು.

"ಇಲ್ಲದ ಬಿಲ್ಡಿಂಗ್ ಯಾಕ ನಿಲ್ಲಿಸೀಯವ್ವಾ? ಅಲ್ಲಿ ಇನ್ನಾ ಎಮ್ಮಿ ಮೇಯಾಕತ್ತಾವ."

"ಬರೋ ವರ್ಷ ಎಮ್ಮಿ ಇರಂಗಿಲ್ರೀ ಸರ್, ಗೋಡಿ ಇರ್ತೈತಿ."

"ಎಮ್ಮಿಗಿಂತ ನಿಂದೇ ಹಟ ಜಾಸ್ತಿ ಆತು. ತಗದುಬಿಡು. ಮಸ್ಕಿ ಕೆಲಸಾನೂ ನಿನಗ ಕೊಡ್ತೀನಿ."

"ತಗದ್ರ ಸುಳ್ಳಾಗ್ತೈತ್ರೀ. ನನ್ನ ತಂಗೀನ ಅಲ್ಲಿ ಕುಂತು ಓದಾಕಿ."

ಅವರು ಚಹಾ ಮುಟ್ಟದೆ ಎದ್ದರು. ಹಾಸ್ಟೆಲೂ ಹೋಯಿತು, ಮಸ್ಕಿಯೂ ಹೋಯಿತು. ಬೇರೆ ಯಾರೋ ಎಮ್ಮೆ ಮೇಯುವ ಬಯಲನ್ನೇ ಮಾದರಿಯಲ್ಲಿ ತೋರಿಸಿಕೊಟ್ಟರು, ಸರ್ಟಿಫಿಕೇಟ್ ಬಂತು. ಸುಲ್ತಾನಾ ಈಗ ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತಾಳೆ.

ಮೊನ್ನೆ ಶೇಂಗಾ ಚಟ್ನಿ ಕಟ್ಟಿಕೊಂಡು ಶಾಹೀಸ್ತಾಳನ್ನು ನೋಡಲು ಹೋದೆ. ಎರಡನೆಯ ಕಟ್ಟಡ ಎದ್ದು ನಿಂತಿತ್ತು. ಮಟಮಟ ಮಧ್ಯಾಹ್ನ, ಅವಳ ಕೋಣೆಯಲ್ಲಿ ಮಂಚ ತಡವಿ ಕೂತೆ. ಸ್ವಿಚ್ ಒತ್ತಿದೆ, ಹತ್ತಲಿಲ್ಲ.

"ಹಗಲೊತ್ತು ಲೈಟ್ ಬರಂಗಿಲ್ಲಮ್ಮಾ," ವಾರ್ಡನ್ ಮಹಾಲಕ್ಷ್ಮಿ ಬಾಗಿಲಲ್ಲಿ ನಿಂತು ಹೇಳಿದರು. "ಮೇನ್ ಆಫ್ ಮಾಡ್ತೀವಿ. ಬೆಳಕು ಬರೋ ಬಿಲ್ಡಿಂಗ್ ಅಂತ ಸರ್ಟಿಫಿಕೇಟ್ ಐತಲ್ಲ, ಕರೆಂಟ್ ಸುಡಬಾರದು."

"ಅಮ್ಮೀ, ಹೊರಗ ಬಾ," ಎಂದು ಶಾಹೀಸ್ತಾ ಕೈಹಿಡಿದಳು. ಹೊರಗಿನ ಮೆಟ್ಟಿಲ ಮೇಲೆ ಹುಡುಗಿಯರು ಸಾಲಾಗಿ ಕೂತು, ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಬಿಸಿಲಿನಲ್ಲಿ ಓದುತ್ತಿದ್ದರು.

"ಚೂರು ಆಕಡೆ ಸರೀರೇ, ನಮ್ಮ ಅಮ್ಮಿ ಕುಂದರ್ಲಿ," ಎಂದಳು ಅವರಿಗೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಸುಲ್ತಾನಾ ಆಪಾ ಕೇಳಿದ್ರ ರೂಮಿಗೆ ಚಲೋ ಬೆಳಕೈತಿ ಅಂತ ಹೇಳು."

ಸಂಜೆ ಮನೆಗೆ ಬಂದೆ. ಸುಲ್ತಾನಾ ಕೋಣೆಯ ಬೆಳಕಿನ ಮಾತೇ ಎತ್ತಲಿಲ್ಲ. ನನ್ನ ಕೈಯಿಂದ ಖಾಲಿ ಡಬ್ಬಿ ಇಸಿದುಕೊಂಡು ತೊಳೆಯಲು ಹೋದಳು.