ಆಲಿಂಗ್ ಚೋಲೆಂಗಳ ಕರೆಂಟು

ಮತ್ತೆ ನಿಂತುಹೋಯಿತು. ಪರದೆಯ ಮೇಲೆ ಕೊಡಲಿ ಎತ್ತಿದ್ದ ದೈತ್ಯ ಎತ್ತಿದ ಕೈ ಇಳಿಸದೆ ಹಾಗೇ ಉಳಿದ. ಅವನ ಹಿಂದೆ ಹಾರಿಬರುತ್ತಿದ್ದ ಬೆಂಕಿಯುಂಡೆ ಗಾಳಿಯಲ್ಲೇ ನೇತುಬಿತ್ತು. ಸ್ಪೀಕರಿನಿಂದ ಒಂದೇ ಸದ್ದು ಗುಂಯ್ ಎಂದು ಎಳೆಯತೊಡಗಿತು. ರೊವೆನಾ ಮೌಸನ್ನು ಮೇಜಿಗೆ ಕುಕ್ಕಿದಳು.

"ನೋಡಪ್ಪಾ! ಗೆಲ್ಲೋ ಆಟ, ಹಾಳಾಗ್ಹೋಯ್ತು!"

ಬಾಗಿಲ ಬಳಿ ಕೂತು ಮೀನು ಶುಚಿಮಾಡುತ್ತಿದ್ದ ಫೆರ್ಮಿನ್ ತಲೆಯೆತ್ತಲಿಲ್ಲ. "ಧೂಳಿರಬೇಕು ಕಣೆ," ಎಂದ.

"ಧೂಳು ನಿನ್ನೇನೇ ತೆಗ್ದಿದೀನಿ. ಹಲ್ಲುಜ್ಜೋ ಬ್ರಷ್ ತಗೊಂಡು ಮೂಲೆ ಮೂಲೆ ಉಜ್ಜಿದೀನಿ."

"ಹಂಗಾದ್ರೆ ಬಿಸಿ. ಈ ಸೆಖೇಲಿ ಮನುಷ್ಯರೇ ನಿಂತ್ಹೋಗ್ತಾರೆ, ಅದರದ್ದೇನು."

ಬಿಸಿ ಎಂಬ ಮಾತಿಗಾಗಿಯೇ ಅವನು ಹೋದ ವಾರ ಕಂಪ್ಯೂಟರ್ ಡಬ್ಬದ ಪಕ್ಕದ ತಗಡು ಬಿಚ್ಚಿಸಿ, ಮನೆಗಿದ್ದ ಒಂದೇ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸಿ ಇಟ್ಟಿದ್ದ. ಅಪ್ಪ ಮಗಳಿಬ್ಬರೂ ಬೆವರುತ್ತ ಕೂತರು, ಕಂಪ್ಯೂಟರು ತಣ್ಣಗೆ ಗಾಳಿ ಕುಡಿಯಿತು. ಆದರೂ ಮಧ್ಯಾಹ್ನ ಕಳೆಯುತ್ತಲೇ ನಿಂತುಹೋಯಿತು. ರೊವೆನಾ ಗೆಳತಿಯಿಂದ ಮೆಮೊರಿ ಪಟ್ಟಿ ಕೇಳಿ ತಂದು ಬದಲಿಸಿದಳು, ಆಟವನ್ನೇ ಅಳಿಸಿ ಹೊಸದಾಗಿ ಹಾಕಿದಳು. ಅವಳು ಏನು ಮಾಡಿದರೂ ಫೆರ್ಮಿನ್ ಹೌದು ಹೌದು, ಅದೇ ಇರಬೇಕು ಎನ್ನುತ್ತಿದ್ದ. ಅದಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಮನೆಯಲ್ಲಿ ಆಲಿಂಗ್ ಚೋಲೆಂಗ್ ಇಸ್ತ್ರಿಪೆಟ್ಟಿಗೆಯನ್ನು ಹಲಗೆಯ ಮೇಲೆ ಠಪ್ಪೆಂದು ಕೂರಿಸುವ ಸದ್ದು ಕೇಳಿದೊಡನೆ ಅವನು ಪರದೆಯ ಕಡೆ ನೋಡುತ್ತಿದ್ದ. ಇನ್ನೇನು ದೈತ್ಯ ನಿಲ್ಲುತ್ತಾನೆ ಎಂದುಕೊಳ್ಳುವಷ್ಟರಲ್ಲಿ ಮಗಳ ಕೂಗು ಏಳುತ್ತಿತ್ತು.

ಮನಿಲಾ ಪಕ್ಕದ ಮಲಬೋನಿನಲ್ಲಿ ಹಿರಿಯ ಹೆಂಗಸರನ್ನು ಆಲಿಂಗ್, ಗಂಡಸರನ್ನು ಮಾಂಗ್ ಎನ್ನುತ್ತಾರೆ. ಅಲ್ಲಿನ ಆ ಗಲ್ಲಿಯಲ್ಲಿ ಫೆರ್ಮಿನ್ ಬಹಳ ವರ್ಷ ವಾರ್ಡಿನ ಕಾವಲುಗಾರನಾಗಿದ್ದವನು. ಬೆನ್ನ ಮೇಲೆ ಅಕ್ಷರ ಅಚ್ಚಾದ ಅಂಗಿ, ಕತ್ತಿನಲ್ಲಿ ಸೀಟಿ, ಕೈಯಲ್ಲಿ ದೊಣ್ಣೆ. ಕಂಬದಿಂದ ಕದ್ದು ಎಳೆದ ವೈರಿಗೆ ಅಲ್ಲಿ ಜಂಪರ್ ಎನ್ನುತ್ತಾರೆ. ವಿದ್ಯುತ್ ಕಂಪನಿಯವರು ಜಂಪರ್ ಹುಡುಕಿಕೊಂಡು ಬಂದಾಗಲೆಲ್ಲ ಮುಂದೆ ಮುಂದೆ ನಡೆದು, ಇದು, ಅದು, ಆ ಮೇಲಿನದು ಎಂದು ದೊಣ್ಣೆಯಲ್ಲಿ ತೋರಿಸುತ್ತಿದ್ದವನು ಇವನೇ. ತೋರಿಸಿ ಸುಮ್ಮನಿದ್ದರೆ ಬೇರೆ ಮಾತಾಗಿತ್ತು. ಗಲ್ಲಿಯ ಮಧ್ಯೆ ನಿಂತು ಎಲ್ಲರಿಗೂ ಭಾಷಣ ಬಿಗಿಯುತ್ತಿದ್ದ. ಆಲಿಂಗ್ ಚೋಲೆಂಗಳ ವೈರನ್ನೂ ಒಂದು ಸಲ ತೋರಿಸಿದ್ದ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಊರ ಬಟ್ಟೆ ಇಸ್ತ್ರಿ ಮಾಡಿ ದುಡ್ಡು ಕೂಡಿಸಿ, ಕಡೆಗೆ ತನ್ನದೇ ಮೀಟರು ಹಾಕಿಸಿಕೊಂಡಳು.

ಚುನಾವಣೆಯಾಗಿ ವಾರ್ಡಿನ ಮುಖ್ಯಸ್ಥ ಬದಲಾದ. ಫೆರ್ಮಿನನ ಅಂಗಿ ಹೊಸ ಮುಖ್ಯಸ್ಥನ ಭಾವಮೈದುನನಿಗೆ ಹೋಯಿತು. ಕರೆಂಟಿನ ಬಿಲ್ಲು ಕಟ್ಟಲಾಗದೆ ಉಳಿಯಿತು, ಇಕ್ಕಳ ಹಿಡಿದವರು ಬಂದು ಇವನ ಮೀಟರನ್ನೇ ಬಿಚ್ಚಿಕೊಂಡು ಹೋದರು. ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತು. ನೋಡಿದವಳು ಆಲಿಂಗ್ ಚೋಲೆಂಗ್ ಒಬ್ಬಳೇ. ಅವತ್ತು ಸಂಜೆ ಹಿಂದಿನ ಗೋಡೆಯ ಮೇಲಿಂದ ಒಂದು ವೈರು ಇಳಿದುಬಂತು. "ತಗೊಳ್ಳಿ ಮಾಂಗ್ ಫೆರ್ಮಿನ್, ಕತ್ತಲಲ್ಲಿ ಸೊಳ್ಳೆ ಜಾಸ್ತಿ," ಅಂದಳು, ಅಷ್ಟೇ. ಆ ವೈರು ಒಂದು ದೀಪಕ್ಕೆ, ಒಂದು ಫ್ಯಾನಿಗೆ ಮಾತ್ರ ಸಾಕಾಗುವಷ್ಟು ಸಣ್ಣದು.

ಆಮೇಲೆ ರೊವೆನಾ ಕೆಲಸಕ್ಕಿದ್ದ ಸೆಬು ನಗರದ ಕಾಲ್ ಸೆಂಟರು ಬಾಗಿಲು ಹಾಕಿ ಮಗಳು ಮನೆಗೆ ಬಂದಳು. ಜತೆಗೆ ಈ ಕಂಪ್ಯೂಟರು ಬಂತು. ಬೇರೆಯವರ ಪರವಾಗಿ ಆಡಿ ಗೆದ್ದುಕೊಡುವುದೇ ಅವಳ ಸಂಪಾದನೆ. ಕರೆಂಟಿನ ಖರ್ಚು ಎಂದು ಅವಳು ಕೊಟ್ಟದ್ದನ್ನು ಫೆರ್ಮಿನ್ ಯಾರಿಗೂ ಕಾಣದಂತೆ ಚೋಲೆಂಗಳ ಕೈಗೆ ತಲುಪಿಸುತ್ತಿದ್ದ. ಅದರಲ್ಲಿ ಮೋಸವಿರಲಿಲ್ಲ. ಮಗಳಿಗೆ ಹೇಳಿರಲಿಲ್ಲ ಅಷ್ಟೇ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡುತ್ತ ಬಂದಿದ್ದ. ಈಗ ನಾಳೆ ಶನಿವಾರ, ನಾಲ್ಕು ಗಂಟೆಗೆ ಮನಿಲಾದ ಒಂದು ಕಂಪ್ಯೂಟರ್ ಆಟದ ತಂಡದವರು ರೊವೆನಾಳ ಆಟ ನೋಡಿ ಆರಿಸಿಕೊಳ್ಳುವವರಿದ್ದರು. ಆರಿಸಿದರೆ ತಿಂಗಳ ಸಂಬಳ. ಇಸ್ತ್ರಿ ಒಂದು ದಿನ ನಿಲ್ಲಿಸಿ ಎಂದು ಕೇಳಲು ಫೆರ್ಮಿನ್ ನಿನ್ನೆ ಚೋಲೆಂಗಳ ಬಾಗಿಲವರೆಗೂ ಹೋಗಿದ್ದ. ಅವಳು ಊಟ ಆಯ್ತಾ ಎಂದು ಕೇಳಿದಳು. ಆಯ್ತು ಎಂದು ಹೇಳಿ ವಾಪಸ್ ಬಂದಿದ್ದ.

"ಅಪ್ಪಾ, ಬಾ ಇಲ್ಲಿ," ರೊವೆನಾ ಕೂಗಿದಳು. ಅವಳು ಮೇಜಿನ ಕೆಳಗೆ ಸ್ಟೆಬಿಲೈಸರಿನ ಮುಂದೆ ಮೊಣಕಾಲೂರಿ ಕೂತಿದ್ದಳು. "ಈ ಮುಳ್ಳು ನೋಡು. ದಡಕ್ಕನೆ ಕೆಳಗೆ ಬೀಳುತ್ತೆ, ಬಲ್ಬೂ ಮಂಕಾಗುತ್ತೆ, ಆಗಲೇ ಇದು ನಿಲ್ಲೋದು. ಕಂಪ್ಯೂಟರ್ ಸರಿಯಾಗೇ ಇದೆ. ಯಾರೋ ನಮ್ಮ ಲೈನಿಂದ ಎಳೀತಿದಾರೆ."

"ಗಲ್ಲೀಲಿ ಕರೆಂಟು ಯಾವಾಗ್ಲೂ ಹಂಗೇ ಬಿಡು."

"ಹಂಗೇ ಅಂದ್ರೆ? ನೀನೇ ಹೇಳ್ತಿದ್ಯಲ್ಲ, ಕರೆಂಟ್ ಕದಿಯೋನು ಪಕ್ಕದ್ಮನೆ ಅನ್ನದ ಪಾತ್ರೆಗೇ ಕೈ ಹಾಕ್ತಾನೆ ಅಂತ!"

ಹೇಳುತ್ತಲೇ ಅವಳು ಸ್ಟೂಲು ಹತ್ತಿ ಮಾಡಿನ ಸಂದಿಯಲ್ಲಿ ವೈರು ಹುಡುಕತೊಡಗಿದಳು. ಸಿಕ್ಕಿತು. ಅದರ ಜಾಡು ಹಿಡಿದು ಹಿತ್ತಲಿಗೆ ಹೋದಳು, ಗೋಡೆಯಾಚೆ ಇಣುಕಿದಳು, ಮುಖ ಕೆಂಪಾಗಿಸಿಕೊಂಡು ತಿರುಗಿ ಬಂದಳು. "ಚೋಲೆಂಗ್ ಮನೆ ಕಿಟಕಿಯೊಳಗೆ ಹೋಗಿದೆ. ಎಷ್ಟು ಧೈರ್ಯ!"

"ವೆನಾ, ತಡಿ. ನಾನು ವಿಚಾರಿಸ್ತೀನಿ."

"ನೀನು ಈಗ ಮೆತ್ತಗಾಗ್ಬಿಟ್ಟಿದೀಯಪ್ಪ. ನಾನೇ ವಿಚಾರಿಸ್ತೀನಿ."

ತಡೆಯಲು ಒಂದು ಮಾತು ಸಾಕಿತ್ತು. ಫೆರ್ಮಿನ್ ಮೀನಿನ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಅವಳ ಹಿಂದೆ ಓಡಿದ, ಆ ಮಾತು ಮಾತ್ರ ಆಡಲಿಲ್ಲ.

ಗಲ್ಲಿಯಲ್ಲಿ ಇಸ್ಪೀಟಾಡುತ್ತಿದ್ದವರು ಎಲೆ ಕೆಳಗಿಟ್ಟು ನೋಡಿದರು. ರೊವೆನಾ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಒಳಗೆ ಆಲಿಂಗ್ ಚೋಲೆಂಗ್, ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಹೆಗಲ ಮೇಲೆ ಬೆವರಿನ ಟವೆಲ್ಲು.

"ನಮ್ಮ ಕರೆಂಟಲ್ಲಿ ಊರ ಬಟ್ಟೆಗೆಲ್ಲ ಇಸ್ತ್ರಿ ಮಾಡ್ತಿದೀರಲ್ಲ, ನಾಚಿಕೆ ಆಗಲ್ವಾ ಆಲಿಂಗ್ ಚೋಲೆಂಗ್? ಇದಕ್ಕೆ ಕಳ್ಳತನ ಅಂತಾರೆ!"

ಚೋಲೆಂಗ್ ಅವಳನ್ನು ನೋಡಲಿಲ್ಲ. ಅವಳ ಭುಜದಾಚೆ ನಿಂತಿದ್ದ ಫೆರ್ಮಿನನನ್ನು ನೋಡಿದಳು. ನೋಡಿ, ಸ್ವಲ್ಪ ಹೊತ್ತು ಕಾದಳು. ಫೆರ್ಮಿನ್ ನೆಲ ನೋಡಿದ.

"ತಪ್ಪಾಯ್ತು ಮಗಾ," ಎಂದಳು ಚೋಲೆಂಗ್. "ನೀನು ಆಡೋ ಹೊತ್ತಲ್ಲಿ ಇಸ್ತ್ರಿ ಮಾಡಲ್ಲ ಇನ್ಮೇಲೆ."

"ಇಸ್ತ್ರಿ ನಿಲ್ಸೋದಲ್ಲ, ವೈರ್ ಕೀಳಿ. ಈಗಲೇ, ಎಲ್ಲರ ಮುಂದೆ."

"ಕೀಳೋದು ಬೇಡ ಕಣಮ್ಮ."

"ಯಾಕೆ ಬೇಡ?"

ಚೋಲೆಂಗ್ ಮತ್ತೊಮ್ಮೆ ಫೆರ್ಮಿನನ ಕಡೆ ನೋಡಿದಳು. ಅವನು ಚಡ್ಡಿಗೆ ಮತ್ತೆ ಕೈ ಒರೆಸಿಕೊಂಡ. ರೊವೆನಾ ಸರಳಿನೊಳಗೆ ಕೈ ತೂರಿಸಿ ಆ ವೈರಿನ ಪ್ಲಗ್ಗನ್ನು ಕಿತ್ತಳು.

ಅವರದೇ ಮನೆಯ ಫ್ಯಾನು ಗರಗರ ಎಂದು ನಿಧಾನವಾಗಿ ನಿಂತಿತು. ಬಾಗಿಲಲ್ಲಿ ಕಾಣುತ್ತಿದ್ದ ಬಲ್ಬು ಆರಿತು. ಗುಂಯ್ ಎನ್ನುತ್ತಿದ್ದ ಸ್ಪೀಕರೂ ಬಾಯಿ ಮುಚ್ಚಿತು. ಚೋಲೆಂಗಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಲೇ ಇತ್ತು, ಅವಳ ಟೀವಿಯ ಧಾರಾವಾಹಿಯಲ್ಲಿ ಯಾರೋ ಅಳುತ್ತಲೇ ಇದ್ದರು. ರೊವೆನಾ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದಳು, ಆಮೇಲೆ ಕತ್ತಲಾದ ತಮ್ಮ ಬಾಗಿಲನ್ನು ನೋಡಿದಳು.

ಇಸ್ಪೀಟಿನ ಗುಂಪಿನಿಂದ ಬೊಯೆಟ್‌ನ ದನಿ ಬಂತು. "ಮಾಂಗ್ ಫೆರ್ಮಿನ್, ದೊಣ್ಣೆ ತರ್ಲಾ? ಜಂಪರ್ ಯಾವುದು ಅಂತ ತೋರಿಸ್ತೀರಾ?"

ಗಲ್ಲಿಯೇ ಗೊಳ್ಳೆಂದಿತು. ಫೆರ್ಮಿನನಿಗೆ ನಿಂತ ನೆಲ ಬಾಯ್ಬಿಡಬಾರದೇ ಅನ್ನಿಸಿತು.

"ಮುಚ್ಚೋ ಬಾಯಿ," ಎಂದಳು ಚೋಲೆಂಗ್. "ನಿಮ್ಮನೆ ನಲ್ಲೀಲಿ ಯಾರ ನೀರು ಬರುತ್ತೆ ಅಂತ ನಾನೂ ಹೇಳ್ಲಾ?" ರೊವೆನಾಳ ಕೈಯಿಂದ ಪ್ಲಗ್ಗನ್ನು ಮೆಲ್ಲಗೆ ಬಿಡಿಸಿಕೊಂಡು ಮತ್ತೆ ಸಿಕ್ಕಿಸಿದಳು. ಫ್ಯಾನು ತಿರುಗತೊಡಗಿತು.

ಮನೆಯೊಳಗೆ ಬರುವ ಮೊದಲು ರೊವೆನಾ ಮೀಟರಿದ್ದ ಜಾಗ ನೋಡಿದಳು, ಅಲ್ಲಿ ಖಾಲಿ ಮೊಳೆಗಳಷ್ಟೇ ಇದ್ದವು. ಫೆರ್ಮಿನ್ ಮೀನು ಹುರಿದು ಅನ್ನ ಬಡಿಸಿದ. ಅವಳು ತಟ್ಟೆ ಮುಟ್ಟಲಿಲ್ಲ.

"ಮೀಟರ್ ಹೋಗಿದ್ದಕ್ಕೆ ನಂಗೆ ಏನೂ ಅನ್ನಿಸ್ತಿಲ್ಲ," ಎಂದಳು ಕೊನೆಗೆ. "ಆದ್ರೆ ನಾನು ಅವರನ್ನ ಕಳ್ಳಿ ಅಂದಾಗ ನೀನು ಅಲ್ಲೇ ನಿಂತಿದ್ದೆ ಅಪ್ಪಾ. ನನ್ನ ಹಿಂದೇನೇ ನಿಂತಿದ್ದೆ."

ಅವನು ಏನಾದರೂ ಹೇಳಬೇಕಿತ್ತು. ಉಪ್ಪು ಕಮ್ಮಿಯಾಗಿದೆಯಾ ಎಂದು ಕೇಳಿದ. ಕೇಳಿದ ಮೇಲೆ ಅದಕ್ಕೂ ನಾಚಿಕೆಯಾಯಿತು.

"ನಾಳೆ ನಾನು ಆಡಲ್ಲ," ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಶನಿವಾರ ಊಟದ ಹೊತ್ತು ಕಳೆದರೂ ಪಕ್ಕದ ಮನೆಯಿಂದ ಇಸ್ತ್ರಿಯ ಸದ್ದೇ ಬರಲಿಲ್ಲ. ಫೆರ್ಮಿನ್ ಹೋಗಿ ನೋಡಿದ. ಆಲಿಂಗ್ ಚೋಲೆಂಗ್ ಹೊಸ್ತಿಲ ಮೇಲೆ ಕೂತು ಬೀಸಣಿಗೆ ಆಡಿಸುತ್ತಿದ್ದಳು. ಅವಳ ಹಿಂದೆ ಬಟ್ಟೆ ಗುಡ್ಡವಾಗಿ ಬಿದ್ದಿತ್ತು. ನಾಳೆ ಚರ್ಚಿನಲ್ಲಿ ನಾಮಕರಣ, ಎಲ್ಲರ ಬಿಳಿ ಅಂಗಿಗಳೂ ಅದರಲ್ಲೇ ಇದ್ದವು.

"ಹುಡುಗಿ ಆಡ್ಕೊಳ್ಳಲಿ ಅಂತ ಕೂತಿದೀನಿ," ಎಂದಳು. "ಹೇಳಿ ಅವಳಿಗೆ. ನನ್ನ ಮೇಲಿನ ಸಿಟ್ಟಿಗೆ ಆಟ ಬಿಡೋದು ಬೇಡ."

"ಸಿಟ್ಟು ನಿಮ್ಮ ಮೇಲಲ್ಲ," ಎಂದ ಫೆರ್ಮಿನ್. "ಬಟ್ಟೆ ಯಾವಾಗ ಕೊಡಬೇಕು?"

"ಕತ್ತಲಾಗೋದ್ರೊಳಗೆ ಬರ್ತಾರೆ. ಏನೋ ಒಂದು ಹೇಳಿ ಕಳಿಸ್ತೀನಿ."

ಅವನು ಬಟ್ಟೆಯ ಗುಡ್ಡ ನೋಡಿದ. "ನಿಮ್ಮಮ್ಮನ ಕಾಲದ ಇದ್ದಿಲ ಇಸ್ತ್ರಿಪೆಟ್ಟಿಗೆ ಇತ್ತಲ್ಲ, ಇದೆಯಾ?"

ಚೋಲೆಂಗ್ ಮೊದಲು ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿ ಎದ್ದಳು. ಮಂಚದ ಕೆಳಗಿನಿಂದ ತುಕ್ಕು ಹಿಡಿದ ಪೆಟ್ಟಿಗೆಯನ್ನು ಎಳೆದುಕೊಟ್ಟಳು. ಫೆರ್ಮಿನ್ ಅದನ್ನು ಮರಳಿನಲ್ಲಿ ತಿಕ್ಕಿದ, ಇದ್ದಿಲು ತುಂಬಿದ, ಬಾಳೆಯೆಲೆ ಕಿತ್ತು ತಂದ. ಆಮೇಲೆ ಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡದೆಯೇ ಹೇಳಿದ: "ವೆನಾ, ಎದ್ದು ಆಡು. ಕರೆಂಟು ಪೂರ್ತಿ ನಿನಗೇ ಇದೆ. ಆಲಿಂಗ್ ಚೋಲೆಂಗ್ ಬಿಟ್ಟುಕೊಟ್ಟಿದಾರೆ."

ಚೋಲೆಂಗಳ ಮನೆ ಕಿರಿದು, ಇದ್ದಿಲ ಹೊಗೆ ಬಟ್ಟೆಗೆ ಹಿಡಿಯುತ್ತದೆ. ಹಲಗೆಯನ್ನು ಗಲ್ಲಿಯಲ್ಲೇ ಹಾಕಬೇಕಾಯಿತು. ಅವನು ಪೆಟ್ಟಿಗೆಯನ್ನು ಬಾಳೆಯೆಲೆಯ ಮೇಲೆ ಉಜ್ಜಿ ನುಣುಪು ಮಾಡಿ ಮೊದಲ ಅಂಗಿಗೆ ಇಟ್ಟ. ಕಾಲರು ಸೊಟ್ಟಗಾಯಿತು. "ಅಯ್ಯೋ, ಎಮ್ಮೆ ತೊಳೆಯೋ ಹಾಗೆ ಒತ್ತಬೇಡಿ," ಎಂದು ಚೋಲೆಂಗ್ ಬೈದು, ಅಂಗಿ ತಿರುಗಿಸಿ ತೋರಿಸಿಕೊಟ್ಟಳು. ಇಸ್ಪೀಟಿನವರು ಎಲೆ ಹಂಚುವುದನ್ನೇ ಮರೆತರು.

"ಏನು ಮಾಂಗ್ ಫೆರ್ಮಿನ್," ಬೊಯೆಟ್ ಕೂಗಿದ, "ಹೊಸ ಕೆಲಸ ಸಿಕ್ತಾ?"

ಫೆರ್ಮಿನ್ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು, ಹಿಂದೆ ಸೀಟಿ ಊದಿ ಜನರನ್ನು ಕರೆಯುತ್ತಿದ್ದಷ್ಟೇ ಗಟ್ಟಿ ದನಿಯಲ್ಲಿ ಹೇಳಿದ: "ನಮ್ಮನೆ ಮೀಟರ್ ಕಿತ್ಕೊಂಡು ಹೋಗಿದಾರೆ. ಅವತ್ತಿಂದ ನಾವು ಉರಿಸ್ತಿರೋದು ಆಲಿಂಗ್ ಚೋಲೆಂಗ್ ಅವರ ಕರೆಂಟು. ನಿನ್ನೆ ನನ್ನ ಮಗಳು ಅವರಿಗೆ ಅಂದದ್ದೆಲ್ಲ ನನಗೆ ಅನ್ನಬೇಕಾಗಿದ್ದು."

ಬೊಯೆಟ್ ತನ್ನ ಕೈಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ಜೋಡಿಸಿಕೊಂಡ. ಮನೆಯೊಳಗೆ ಕುರ್ಚಿ ಎಳೆದ ಸದ್ದಾಯಿತು, ಆಮೇಲೆ ಕೀಬೋರ್ಡಿನ ಗುಂಡಿಗಳು ಪಟಪಟ ಎನ್ನತೊಡಗಿದವು. ಫೆರ್ಮಿನ್ ಮುಚ್ಚಳ ತೆಗೆದು ಇದ್ದಿಲನ್ನು ಊದಿದ. ಹಾರಿಬಂದ ಬೂದಿ ಬಿಳಿ ಅಂಗಿಗೆ ತಾಗದಂತೆ ಕೈ ಅಡ್ಡ ಹಿಡಿದು, ಮುಂದಿನ ತೋಳಿಗೆ ನೀರು ಚಿಮುಕಿಸಿದ.