ಹತ್ತು ಪದದ ಒಪ್ಪಿಗೆ

ಬಿ.ಎ. ಮುಗಿಸಿ ಎರಡು ವರ್ಷ ಚಿಕ್ಕಪ್ಪನ ಮನೆಯಲ್ಲಿ ಕೂತಿದ್ದೆ. "ಬಿ.ಎ. ಮಾಡಿ ಬಟ್ಟೆ ಮಡಿಸ್ತಾಳೆ" ಎಂದೇ ಚಿಕ್ಕಮ್ಮ ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಿದ್ದರು. ಅಂಥದ್ದರಲ್ಲಿ ನಾನು ಅರ್ಜಿ ಹಾಕಿದ್ದ ದೂರದೂರಿನ ಶಾಲೆಯಿಂದ ತಂತಿ ಬಂತು. ಟೀಚರ್ ಕೆಲಸವಿದೆ, ಒಪ್ಪಿಗೆಯಾದರೆ ಕೂಡಲೇ ತಂತಿ ಕಳಿಸಿ, ಸೋಮವಾರ ಸೇರಿ.

"ಹತ್ತೇ ಪದ, ಮೇಲಿನ ಒಂದೊಂದು ಪದಕ್ಕೂ ಬೇರೆ ಕಾಸು. ಹನ್ನೊಂದಾದ್ರೆ ನೀನೇ ನಡ್ಕೊಂಡು ಹೋಗಿ ಹೇಳು" ಎಂದರು ಚಿಕ್ಕಪ್ಪ.

ತಂತಿಯಲ್ಲಿ ಎಲ್ಲರೂ ‘ಹೊರಡು’, ‘ಕಳಿಸು’ ಎಂದು ಆಳಿಗೆ ಹೇಳುವ ಹಾಗೆ ಬರೆಯುತ್ತಾರೆ. ಹೆಡ್‌ಮಾಸ್ಟರಿಗೆ ಹಾಗೆ ಬರೆಯಲು ನನಗೆ ಕೈ ಬರಲಿಲ್ಲ. ಡೈರಿಯ ಹಿಂದಿನ ಪುಟದಲ್ಲಿ ಗೀಚಿ, ಹೊಡೆದುಹಾಕಿ, ಕೊನೆಗೆ ಉಳಿದದ್ದು ಇದು: ‘ಕೆಲಸ ಒಪ್ಪಿಕೊಂಡಿದ್ದೇನೆ ಸೋಮವಾರ ಬಂದು ಸೇರುತ್ತೇನೆ ದಯವಿಟ್ಟು ನನ್ನ ಹೃತ್ಪೂರ್ವಕ ವಂದನೆ ಸ್ವೀಕರಿಸಿ.’ ಸರಿಯಾಗಿ ಹತ್ತು. ಹೆಸರಿಗೆ ಜಾಗ ಉಳಿಯಲಿಲ್ಲ. ಫಾರಂನ ಕೆಳಗೆ ಕಳಿಸುವವರ ಹೆಸರು, ವಿಳಾಸ ಎಂಬ ಚೌಕ ಇತ್ತಲ್ಲ, ಅಲ್ಲಿ ದುಂಡಗೆ ಬರೆದೆ.

ತಂತಿ ಕಚೇರಿಯ ಕೌಂಟರಿನಲ್ಲಿ ಗುಮಾಸ್ತರು ಪೆನ್ಸಿಲ್ ತುದಿಯಿಂದ ಪದ ಎಣಿಸುತ್ತ, "ಏನಮ್ಮ, ಕೆಲಸಕ್ಕೆ ಸೇರ್ತಿದೀರೋ, ಸನ್ಮಾನಕ್ಕೆ ಉತ್ತರ ಕೊಡ್ತಿದೀರೋ? ಹೆಸರು ಬೇಡ್ವಾ?" ಎಂದರು. ಹಿಂದೆ ನಿಂತವರು ನಕ್ಕರು. ನಾನು ಮೆಲ್ಲಗೆ "ಕೆಳಗಿದೆ" ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ, ಮುದ್ರೆ ಒತ್ತಿಬಿಟ್ಟರು.

ಆ ಚೌಕ ಬರೀ ಅವರ ಕಡತಕ್ಕೆ, ಅದು ತಂತಿಯಲ್ಲಿ ಹೋಗುವುದಿಲ್ಲ ಎಂದು ನನಗೆ ತಿಳಿದದ್ದು ಸೋಮವಾರ, ಟ್ರಂಕು ಹಿಡಿದು ಶಾಲೆಯ ಕಚೇರಿಯಲ್ಲಿ ನಿಂತಾಗ. ಹಾಜರಿ ಪುಸ್ತಕದಲ್ಲಿ ಬೇರೊಬ್ಬ ಹುಡುಗಿ ಸಹಿ ಹಾಕುತ್ತಿದ್ದಳು. ಹೆಡ್‌ಮಾಸ್ಟರು ಒಳ್ಳೆಯವರು, ಅದೇ ನನಗೆ ಕಷ್ಟವಾದದ್ದು.

"ನಿಮ್ಮೂರಲ್ಲಿ ಇಬ್ಬರಿಗೆ ತಂತಿ ಕೊಟ್ಟಿದ್ವಮ್ಮ, ಮೊದಲು ಒಪ್ಪಿದವರಿಗೆ ಕೆಲಸ ಅಂತ. ಅವತ್ತು ಬೆಳಿಗ್ಗೆ ಈ ವಂದನೆಯ ತಂತಿ ಬಂತು, ಹೆಸರೇ ಇಲ್ಲ. ಮಧ್ಯಾಹ್ನ ‘ಒಪ್ಪಿಗೆ’ ಅಂತ ಒಂದೇ ಪದ, ಪಕ್ಕದಲ್ಲಿ ಇವರ ಹೆಸರು. ಮೊದಲನೇದ್ರಲ್ಲಿ ಹೆಸರು ಮರೆತು ಇವರೇ ಮತ್ತೆ ಕಳಿಸಿದಾರೆ ಅಂದ್ಕೊಂಡ್ವಿ."

ನಾನು ತಂತಿಯ ರಸೀದಿ ತೋರಿಸಿದೆ. ಅವರು ಕನ್ನಡಕ ಏರಿಸಿ ನಂಬರು ತಾಳೆ ನೋಡಿದರು.

"ನಿಮ್ಮದೇ. ನಿಮ್ಮದೇ ಮೊದಲು ಬಂದದ್ದು." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆದ್ರೆ ಅವರು ಇದ್ದ ಕೆಲಸ ಬಿಟ್ಟು ಬಂದಿದಾರೆ. ಏನ್ ಮಾಡ್ಲಿ, ನೀವೇ ಹೇಳಿ."

ನಾನು ರಸೀದಿ ಮಡಿಚಿ ಇಟ್ಟುಕೊಂಡೆ.

ಆ ಹುಡುಗಿ ಬಾಗಿಲವರೆಗೂ ಬಂದಳು. "ಅಕ್ಕಾ, ‘ಎಷ್ಟು ಚೆನ್ನಾಗಿ ಬರ್ದಿದೀರಿ’ ಅಂತ ಸರ್ ಹೊಗಳಿದ್ರು. ಯಾವುದನ್ನ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ."

"ಪರವಾಗಿಲ್ಲ" ಎಂದೆ. ಅದು ಸುಳ್ಳು.

ಬಸ್ಸು ಇದ್ದದ್ದು ನಾಲ್ಕಕ್ಕೆ. ಜಗಲಿಯಲ್ಲಿ ಟ್ರಂಕಿನ ಮೇಲೆ ಕೂತೆ. ಗಂಟೆ ಹೊಡೆಯಿತು, ಪಕ್ಕದ ಕೋಣೆಯಲ್ಲಿ ಅವಳು ಪಾಠ ಶುರು ಮಾಡಿದಳು. ಅವಳ ದನಿ ಕೊನೆಯ ಬೆಂಚು ದಾಟಿ ಹೊರಗೆ ನನ್ನವರೆಗೂ ಬರುತ್ತಿತ್ತು. ನನ್ನ ದನಿ ಅಷ್ಟು ದೂರ ಹೋಗುತ್ತಿತ್ತೋ ಇಲ್ಲವೋ, ಇನ್ನು ನನಗೆ ತಿಳಿಯುವ ಹಾಗಿಲ್ಲ.